ಕಪ್ಪುಹಲಗೆಯ ಮೇಲೆ ನಾನು ಬರೆದ ನೀತಿ

ಈ ಬರಹದ ಮೂಲಕ ಯಾರ ಕ್ಷಮೆಯನ್ನೂ ಕೋರುತ್ತಿಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ಇದುವರೆಗೆ ಅರ್ಜಿಗಳನ್ನಷ್ಟೇ ಬರೆದವಳು ನಾನು. ಲೋಪದೋಷಗಳಿಗೆ ನಾನೇ ಜವಾಬ್ದಾರಳು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಿ.ಎಡ್. ವಿದ್ಯಾರ್ಥಿನಿಯಾಗಿದ್ದೆನು. ಹನುಮಂತನಗರದ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ತಂಗಿಯಿದ್ದಳು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುಳಿತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದಳು. ಕೇಳಿದ ಮಾತನ್ನು ಕೇಳಿದ ದನಿಯಲ್ಲೇ ಹಿಂತಿರುಗಿಸುತ್ತಿದ್ದಳು. "ಊಟ ಮಾಡ್ತೀಯಾ?" ಎಂದರೆ "ಊಟ ಮಾಡ್ತೀಯಾ?" ಎನ್ನುವಳು. ಆಟಿಸಂ ಎಂಬ ಪದ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ; ಪೆದ್ದಿ ಎಂಬುದು ಬಂದಿತ್ತು. ಶಾಲೆಯವರು ಮೂರೇ ತಿಂಗಳಿಗೆ ಅವಳನ್ನು ವಾಪಸು ಕಳುಹಿಸಿದ್ದರು.

ಜಯನಗರದ ಶಾಲೆಯೊಂದರಲ್ಲಿ, ಮಕ್ಕಳೆದುರು ಪಾಠ ಮಾಡಿ ತೋರಿಸಬೇಕಾದ ನನ್ನ ಅಂತಿಮ ಅಭ್ಯಾಸಪಾಠ ನಿಗದಿಯಾಯಿತು. ಅದರಲ್ಲಿ ತೇರ್ಗಡೆಯಾಗದಿದ್ದರೆ ಪದವಿಯಿಲ್ಲ. ಪಾಠಕ್ಕೆಂದು ಕೊಟ್ಟ ಕಥೆಯಲ್ಲಿ ಮಾತನಾಡದ ಹುಡುಗಿಯೊಬ್ಬಳಿದ್ದಳು. ಕೊನೆಗೆ ಮೇಷ್ಟರು ಕೆನ್ನೆಗೆ ಬಾರಿಸುತ್ತಾರೆ, ಅವಳು ಮಾತನಾಡುತ್ತಾಳೆ, ಊರು ಮೇಷ್ಟರನ್ನು ಹೊಗಳುತ್ತದೆ. ಅದನ್ನು ಬರೆದ ಮಹಾಶಯರು ಅಂತಹ ಮಗುವಿನೊಡನೆ ಒಂದು ಮಧ್ಯಾಹ್ನವನ್ನೂ ಕಳೆದವರಲ್ಲ. ನಮ್ಮ ತಂದೆಯವರು ತಂಗಿಗೆ ಹೊಡೆದೂ ನೋಡಿದ್ದರು, ಮಾತು ಬಂದಿರಲಿಲ್ಲ.

ಆದುದರಿಂದ ಪಾಠಯೋಜನೆಯಲ್ಲಿ ನೀತಿಯ ಜಾಗದಲ್ಲಿ ಒಂದು ಪ್ರಶ್ನೆ ಬರೆದೆನು: ಆ ಹುಡುಗಿಗೆ ಏನು ಬೇಕಿತ್ತೆಂದು ಯಾರಾದರೂ ಯೋಚಿಸಿದರೇ? ಪಾಠಯೋಜನೆಗೆ ಸಹಿ ಹಾಕಬೇಕಿದ್ದ ಕಾಲೇಜಿನ ಮಾರ್ಗದರ್ಶಕರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

"ಏನಮ್ಮ ಇದು? ಕಥೆ ಅಂದ್ಮೇಲೆ ನೀತಿ ಬೇಡ್ವಾ?"

"ಸಾರ್, ಹೊಡೆದ್ರೆ ಇಂಥ ಮಕ್ಕಳು ಮಾತಾಡಲ್ಲ."

"ನೀನೇನು ಡಾಕ್ಟ್ರಾ? ಬೋರ್ಡ್ ಮೇಲೆ ನೀತಿ ಬರಿ, ಸೈನ್ ಹಾಕ್ತೀನಿ. ಪೀಠಿಕೇಲಿ ಮಕ್ಕಳನ್ನ ಒಂಚೂರು ನಗ್ಸು. ಹೆಣ ಕಾಯೋ ಮುಖ ಹೊತ್ಕೊಂಡು ನಿಂತ್ರೆ ಪಾಸ್ ಆಗಲ್ಲ."

ಆ ಮನುಷ್ಯನನ್ನು ಇಂದಿಗೂ ದ್ವೇಷಿಸುತ್ತೇನೆ. ಆದರೆ ತದನಂತರ ನಡೆದದ್ದಕ್ಕೆ ಅವರನ್ನು ಹೊಣೆ ಮಾಡಲು ಬರುವುದಿಲ್ಲ. ನಗಿಸಲು ಬೇರೇನೂ ತೋಚದೆ, ತಂಗಿಯಂತೆ ತೂಗಾಡಿ, ತಂಗಿಯಂತೆ ಮಾತು ಹಿಂತಿರುಗಿಸಿ ತೋರಿಸುವುದೆಂದು ನಾನೇ ತೀರ್ಮಾನಿಸಿದೆನು. ಮೂರು ದಿನ ಮನೆಯಲ್ಲಿ ಪೀಠಿಕೆಯಿಂದ ನೀತಿಯವರೆಗೆ ಗಟ್ಟಿಯಾಗಿ ಅಭ್ಯಾಸ ಮಾಡಿದೆನು. ಕಥೆಯಲ್ಲಿ ಏಟು ಬರುವ ಜಾಗದಲ್ಲಿ ಚಪ್ಪಾಳೆ ತಟ್ಟುತ್ತಿದ್ದೆ. ತಂಗಿ ಗೋಡೆಯ ಕಡೆ ತಿರುಗಿ ಕುಳಿತಿದ್ದಳು. ಅವಳಿಗೆ ಇದೆಲ್ಲ ತಲುಪುವುದಿಲ್ಲವೆಂದು ಭಾವಿಸಿದ್ದೆ. ಬೀದಿಯವರು ಭಾವಿಸಿದ್ದೂ ಅದನ್ನೇ.

ಪಾಠದ ದಿನ ತರಗತಿ ನಕ್ಕಿತು. ನನ್ನ ಪಾಠ ಗಮನಿಸಿ ಬರೆದುಕೊಳ್ಳಲು ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕುಳಿತ ನನ್ನ ಸಹಪಾಠಿಗಳೂ ನಕ್ಕರು. ಗುರುವಿನ ಏಟು ಮಗುವಿಗೆ ಮದ್ದು ಎಂದು ದುಂಡಾಗಿ ಬೋರ್ಡಿನ ಮೇಲೆ ಬರೆದೆನು. ಪಾಠಯೋಜನೆಯ ಷರಾ ಕಾಲಂನಲ್ಲಿ "ಉತ್ತಮ" ಎಂದು ನಮೂದಾಯಿತು.

ಅಂದು ಸಂಜೆ ನಾನು ಚಪ್ಪಲಿ ಬಿಡುತ್ತಿರುವಾಗ ತಂಗಿ, ಗೋಡೆಯನ್ನೇ ನೋಡುತ್ತ, ನನ್ನ ದನಿಯಲ್ಲಿ ಆರಂಭಿಸಿದಳು: "ಮಕ್ಕಳೇ, ಈಗ ಎಲ್ಲರೂ ನನ್ನನ್ನು ನೋಡಿ." ಇಡೀ ಪಾಠ ಒಪ್ಪಿಸಿದಳು. ನಗುವಿಗೆಂದು ನಾನು ಬಿಟ್ಟಿದ್ದ ಅಂತರಗಳನ್ನೂ ಬಿಟ್ಟಳು. ಏಟು ಬಂದಾಗ ಚಪ್ಪಾಳೆ ತಟ್ಟಲಿಲ್ಲ. ತನ್ನ ಕೆನ್ನೆಗೇ ಹೊಡೆದುಕೊಂಡಳು. ಬಳಿಕ ನೀತಿ ಹೇಳಿದಳು.

"ಎಷ್ಟು ಚೆನ್ನಾಗಿ ಮಾತಾಡ್ತಾ ಇದಾಳೆ ನೋಡೇ," ಎಂದರು ಅಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

"ನಿಲ್ಸು," ಎಂದೆ.

"ನಿಲ್ಸು," ಎಂದಳು ತಂಗಿ, ನನ್ನದೇ ದನಿಯಲ್ಲಿ. ನಂತರ ಪೀಠಿಕೆಯಿಂದ ಮತ್ತೆ ಆರಂಭಿಸಿದಳು.