ಕೆಂಚಪ್ಪನ ಗಿಟಾರಿಗೆ ಪಾಲಿಶ್ ಹಾಕಿದ ಚಿಕ್ಕಲಕ್ಷ್ಮಮ್ಮ

ಕಾಮಾಕ್ಷಿಪಾಳ್ಯದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮಾಗಡಿ ರಸ್ತೆಯಲ್ಲಿ ಮೊದಲನೇ ಬಸ್ಸು ಗುರುಗುಟ್ಟಿಕೊಂಡು ಹೋದದ್ದು ಬಿಟ್ಟರೆ ಈ ಓಣಿಯಲ್ಲಿ ಕೇಳುವುದು ಒಂದೇ ಸದ್ದು, ಮರದ ಮೇಲೆ ಉಪ್ಪುಕಾಗದ ಆಡುವ ಸರಸರ. ಮನೆಯ ಮುಂದಿನ ಜಗಲಿಯಲ್ಲಿ ಚಿಕ್ಕಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತು ಮದುವೆ ಮಂಚವೊಂದರ ಕಾಲನ್ನು ಉಜ್ಜುತ್ತಿದ್ದಾರೆ. ಪುಡಿ ಹಾರಿ ರೆಪ್ಪೆಯ ಮೇಲೂ ಕೂತಿದೆ. ಆಗಾಗ ಕೈ ನಿಲ್ಲಿಸಿ, ಕಣ್ಣು ಮುಚ್ಚಿ, ಅಂಗೈಯಲ್ಲಿ ಮರವನ್ನು ಸವರಿ ನೋಡುತ್ತಾರೆ.

“ಈಗ ಉಜ್ಜೋದು ಅಷ್ಟೇ. ಪಾಲಿಶ್ ಮುಟ್ಟೋ ಹಾಗಿಲ್ಲ. ಇಬ್ಬನಿ ಇರುವಾಗ ಹಾಕಿದ್ರೆ ಬೂಷ್ಟು ಹಿಡಿದಂಗೆ ಬೆಳ್ಳಗಾಗಿಬಿಡುತ್ತೆ. ಬಿಸಿಲು ಬರ್ಲಿ.”

ಪಕ್ಕದಲ್ಲಿ ಅಗಲ ಬಾಯಿಯ ಸೀಸೆಯಿದೆ. ಸ್ಪಿರಿಟ್ಟಿನಲ್ಲಿ ಅರಗಿನ ಚೂರು ರಾತ್ರಿಯೆಲ್ಲ ನೆನೆದು ಕರಗಿದೆ. ಹತ್ತಿಯ ಉಂಡೆಗೆ ಹಳೆಯ ಪಂಚೆಯ ತುಂಡು ಸುತ್ತಿ, ಅದರಲ್ಲಿ ಅದ್ದಿ, ಸುತ್ತು ಸುತ್ತಾಗಿ ಉಜ್ಜಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಚೆನ್ನಾಗಿ ಬಂತು ಎನ್ನಬೇಕಾದರೆ ಮರದಲ್ಲಿ ಮುಖ ಕಾಣಬೇಕು. ಈ ಕೆಲಸದಿಂದ ಅವರ ಉಗುರುಗಳು ಕಡುಗೆಂಪಾಗಿಬಿಟ್ಟಿವೆ. ದೇವಸ್ಥಾನದಲ್ಲಿ ಹೆಂಗಸರು ನೋಡಿ, ಗಂಡ ಸತ್ತವಳಿಗೆ ಗೋರಂಟಿ ಯಾಕೆ ಎಂದು ಪಿಸುಗುಟ್ಟಿದ್ದೂ ಉಂಟು.

ರಾಜಾಜಿನಗರದ, ವಿಜಯನಗರದ ಎಷ್ಟೋ ಮನೆಗಳಲ್ಲಿ ಬೀರು, ಕುರ್ಚಿ, ರೇಡಿಯೋ ಪೆಟ್ಟಿಗೆ ಹೊಳೆಯುವುದು ಈ ತೋಳಿನ ಬಲದಿಂದ. ಆ ಮನೆಯವರಿಗೆ ಇವರು ಯಾರೆಂದು ಗೊತ್ತಿಲ್ಲ. ಸಾಮಾನು ಅಂಗಡಿಯಿಂದ ಕೈಗಾಡಿಯಲ್ಲಿ ಬರುತ್ತದೆ, ಕೈಗಾಡಿಯಲ್ಲೇ ಹೋಗುತ್ತದೆ. ಹೆಸರೆಲ್ಲ ಅಂಗಡಿಗೆ.

“ಒಂದು ಸಲ ಯಾರೋ ದೊಡ್ಡೋರು ಹುಡುಕ್ಕೊಂಡು ಬಂದು, ಪಾಲಿಶ್‌ನವನು ಎಲ್ಲಮ್ಮಾ ಅಂದ್ರು. ಒಳಗೆ ಸಾರು ಕುದಿಸ್ತಾ ಇದಾನೆ, ಕೂತ್ಕೊಳ್ಳಿ ಬರ್ತಾನೆ ಅಂದೆ. ಒಳಗೆ ಹೋಗಿ ಒಲೆ ಆರಿಸಿ ನಾನೇ ಬಂದೆ!” ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಕೆಲಸ ಕಲಿಸಿದ್ದು ಗಂಡ ಕೆಂಚಪ್ಪ. ಹೆಸರು ಅವರು ಹೇಳುವುದಿಲ್ಲ, “ನಮ್ಮೋರು” ಎನ್ನುತ್ತಾರೆ. ಕೆಂಚಪ್ಪ ರಾಜಾಜಿನಗರದ ಮರದ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಹಗಲೆಲ್ಲ ಗರಗಸ, ಉಳಿ. ಸಂಜೆಯಾದರೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಆರ್ಕೆಸ್ಟ್ರಾಕ್ಕೆ. ಗಣೇಶನ ಪೆಂಡಾಲು, ರಾಮೋತ್ಸವ, ಮದುವೆ ಛತ್ರ, ಎಲ್ಲಿ ಕರೆದರೂ ಹಾಡುವವರ ಹಿಂದೆ, ಡ್ರಮ್ಮಿನ ಪಕ್ಕದ ಕತ್ತಲಲ್ಲಿ ನಿಂತು ಬೇಸ್ ಗಿಟಾರ್ ನುಡಿಸುತ್ತಿದ್ದರು.

ಆ ಗಿಟಾರನ್ನು ಅವರೇ ಮಾಡಿಕೊಂಡದ್ದು. ಕಂಟೋನ್ಮೆಂಟ್ ಕಡೆಯ ಪರಿಚಯದವರೊಬ್ಬರ ವಿದೇಶಿ ಗಿಟಾರನ್ನು ಒಂದು ದಿನದ ಮಟ್ಟಿಗೆ ತಂದು, ಹಲಗೆ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಮೈ ಹಲಸಿನ ಮರ, ಎಡಗೈ ಹಿಡಿಯುವ ಉದ್ದನೆಯ ಕತ್ತು ತೇಗ. ಕತ್ತನ್ನು ಮಾತ್ರ ಆ ಗಿಟಾರಿನಂತೆ ಮಾಡಲಿಲ್ಲ. ಗರಗಸಕ್ಕೆ ಸಿಕ್ಕಿ ಎಡಗೈಯ ಒಂದು ಬೆರಳಿನ ತುದಿ ಹೋಗಿತ್ತು. ಉಳಿದ ಬೆರಳುಗಳಿಗೆ ಎಟುಕುವಂತೆ, ದಿನವೂ ಹಿಡಿದು ನೋಡುತ್ತ, ಕೆರೆಯುತ್ತ, ತಮ್ಮ ಕೈಗೆ ಬೇಕಾದಷ್ಟೇ ತೆಳ್ಳಗೆ ಮಾಡಿಕೊಂಡರು. ಎಪ್ಪತ್ತೆರಡನೇ ಇಸವಿಯ ಮಾತು. ಮೈಗೆ ಪಾಲಿಶ್ ಹಾಕಿದ್ದು ಚಿಕ್ಕಲಕ್ಷ್ಮಮ್ಮನೇ.

“ಕತ್ತು ನಾನು ನೋಡ್ಕೋತೀನಿ, ನೀನು ಮೈಗೆ ಹಾಕು ಅಂದಿದ್ರು. ಆಮೇಲೆ ಹಾಕ್ಲೇ ಇಲ್ಲ. ಸೋಮಾರಿ ಅಂತ ಬೈದಿದೀನಿ. ನಕ್ಕುಬಿಡೋರು.”

ಗಂಡ ನುಡಿಸುವುದನ್ನು ಅವರು ಹತ್ತಿರದಿಂದ ನೋಡಿದ್ದು ಕಡಿಮೆ. ಮಕ್ಕಳಿಲ್ಲದ ಮನೆ, ಆದರೂ ಪಾಲಿಶ್ ಕೆಲಸ ಬಿಡುವು ಕೊಡುತ್ತಿರಲಿಲ್ಲ. ಒಮ್ಮೆ ಪೆಂಡಾಲಿನ ಹಿಂದೆ ಹೆಂಗಸರ ಸಾಲಿನಲ್ಲಿ ಕೂತು ಕೇಳಿ ಬಂದು, ಅಷ್ಟು ಗಲಾಟೆಯಲ್ಲಿ ನಿಮ್ಮದು ಯಾವ ಸದ್ದು ಎಂದು ಕೇಳಿದ್ದರು. “ಹೊಟ್ಟೆಗೆ ಬಡೀತಲ್ಲ, ಅದು” ಎಂದರಂತೆ ಕೆಂಚಪ್ಪ.

ಎದೆಗೂಡಿನಲ್ಲಿ ಮರದ ಪುಡಿ ತುಂಬಿ ಕೆಮ್ಮು ಹಿಡಿದು, ಹೋದ ವರ್ಷ, ಎಪ್ಪತ್ತೊಂಬತ್ತರಲ್ಲಿ, ಕೆಂಚಪ್ಪ ತೀರಿಕೊಂಡರು. ಗಿಟಾರು ಗೋಡೆಯ ಮೊಳೆಯಲ್ಲೇ ಉಳಿಯಿತು. ಜಗಲಿಯ ಮೇಲೆ ಹೊದಿಕೆ ಇರಲಿಲ್ಲ. ಮಳೆ ಹಿಡಿದರೆ ಕೆಲಸ ನಿಲ್ಲುತ್ತಿತ್ತು, ಕೆಲಸ ನಿಂತರೆ ಒಲೆಯೂ. ಆರ್ಕೆಸ್ಟ್ರಾದ ಹುಡುಗ ಚನ್ನಕೇಶವ ಬಂದು “ಅಕ್ಕ, ಮೇಸ್ತ್ರಿ ಗಿಟಾರ್ ನನಗೆ ದುಡ್ಡಿಗೆ ಕೊಡ್ತೀರಾ? ಸುಮ್ನೆ ನೇತುಹಾಕಿದ್ರೆ ಬಗ್ಗಿ ಹಾಳಾಗುತ್ತೆ” ಎಂದು ಕೇಳಿದಾಗ ಅವರಿಗೆ ಮೊದಲು ಕಂಡದ್ದು ಜಗಲಿಗೆ ತಗಡಿನ ಸೂರು.

ಕೊಡುವುದೆಂದು ಆಯಿತು. ಹೇಗೆ ಕೊಡುವುದು? ಗಿಟಾರಿನ ಸ್ಥಿತಿ ನೋಡುವ ಹಾಗಿರಲಿಲ್ಲ. ಬಲತೋಳು ಒರಗುತ್ತಿದ್ದ ಕಡೆ ಪಾಲಿಶ್ ಹೋಗಿ ಬೆವರು ಇಳಿದು ಮರ ಕಪ್ಪಾಗಿತ್ತು. ತಂತಿಯ ಕೆಳಗೆ ಬೆರಳು ಉಜ್ಜಿ ಸವೆದಿತ್ತು. ಕತ್ತಿನ ಹಿಂದೆ, ಹೆಬ್ಬೆರಳು ಊರುವ ಕಡೆ, ಸಣ್ಣ ಹಳ್ಳ.

ಕೆರೆದು ಪಾಲಿಶ್ ಹಾಕಿ ಕೊಡುತ್ತೇನೆ ಎಂದದ್ದಕ್ಕೆ, ಆ ದಿನ ಬಂದಿದ್ದ ಗಂಡನ ಅಕ್ಕ ಲಿಂಗಮ್ಮ ಕೆಂಡವಾದರು.

“ಮುಟ್ಟಬೇಡ ಕಣೇ ಲಕ್ಷ್ಮೀ. ನನ್ನ ತಮ್ಮನ ಬೆವರು ಅದು. ಹಂಗೇ ಕೊಡು.”

“ಹಂಗೇ ಹೆಂಗೆ ಕೊಡ್ಲಿ ಅತ್ತಿಗೆ? ಊರೋರ ಮಂಚಕ್ಕೆಲ್ಲ ಕನ್ನಡಿ ಹಂಗೆ ಪಾಲಿಶ್ ಮಾಡ್ತೀನಿ. ನಮ್ಮೋರ ಸಾಮಾನು ತಲೆ ಕೆದರ್ಕೊಂಡು ಹೋಗ್ಬೇಕಾ?”

“ಕಣ್ಣು ಕಾಣ್ದೇ ಇರೋಳ ಹಂಗೆ ಮಾತಾಡ್ತೀಯಲ್ಲ! ಎಲ್ಲಾದ್ನೂ ಉಜ್ಜೋದೇ ನಿನ್ನ ಚಾಳಿ. ನಾಳೆ ನನ್ನ ಮುಖಾನೂ ಉಜ್ತೀಯ.”

“ನಿಮ್ಮ ಮುಖಕ್ಕೆ ಎರಡು ಸೀಸೆ ಬೇಕಾಗುತ್ತೆ ಬಿಡಿ.”

ಇಬ್ಬರೂ ನಕ್ಕರು. ಆಮೇಲೆ ಲಿಂಗಮ್ಮ ಅತ್ತರು. ಊಟ ಮಾಡದೆ ಎದ್ದು ಹೋದರು.

ವಾರವೆಲ್ಲ ಅದು ಮೊಳೆಯಲ್ಲೇ ಇತ್ತು. ಇಳಿಸುವುದು, ನೋಡುವುದು, ಮತ್ತೆ ನೇತುಹಾಕುವುದು. ಕಪ್ಪಾದ ಕಡೆ ಮೂಗಿಟ್ಟು ನೋಡಿದರೆ ಏನೂ ವಾಸನೆಯಿಲ್ಲ, ಬರೀ ಮರ. ಕೊನೆಗೆ ಒಂದು ಬೆಳಿಗ್ಗೆ ತಂತಿ ಬಿಚ್ಚಿದರು. ತವರಿಂದ ಹೊರಡುವ ಹುಡುಗಿಗೆ ತಲೆ ಬಾಚುವ ಹಾಗೆ, ಇದು ತಾನು ಅವರಿಗೆ ಮಾಡುವ ಕಡೇ ಕೆಲಸ ಎಂದುಕೊಂಡೇ ಕೂತರು. ಕಪ್ಪನ್ನು ಕೆರೆದು ತೆಗೆದರು. ಸುತ್ತಲ ಮರವನ್ನು ಹಳ್ಳಕ್ಕೆ ಸಮ ಬರುವವರೆಗೆ ಉಜ್ಜಿದರು. ಗಂಡ ಬಾಕಿ ಉಳಿಸಿದ್ದ ಕತ್ತಿಗೂ ಮೈಯಷ್ಟೇ ಪದರ ಕೊಟ್ಟರು. ಅವರ ಬದುಕಿನಲ್ಲಿ ಅದಕ್ಕಿಂತ ಚಂದದ ಪಾಲಿಶ್ ಬಂದದ್ದಿಲ್ಲ. ಬೀದಿಯವರು ನಿಂತು ನೋಡಿದರು.

ಚನ್ನಕೇಶವ ಬಂದವನು “ಅಬ್ಬಾ!” ಎಂದ. ತಂತಿ ಕಟ್ಟಿದ, ಬಿರಡೆ ತಿರುಗಿಸಿದ, ಹೆಗಲಿಗೆ ಹಾಕಿಕೊಂಡು ನುಡಿಸಲು ಶುರುಮಾಡಿದ. ಸ್ವಲ್ಪ ಹೊತ್ತಿಗೆ ನಿಲ್ಲಿಸಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿ ಮತ್ತೆ ಹಿಡಿದ. ಮತ್ತೆ ನಿಲ್ಲಿಸಿದ.

“ಅಕ್ಕ, ಕತ್ತಿಗೂ ಹಾಕಿದ್ರಾ?”

“ಹೂಂ ಕಣಪ್ಪ. ಅದೊಂದು ಬಾಕಿ ಇತ್ತು.”

“ಅಲ್ಲಿಗೆ ಮೇಸ್ತ್ರಿ ಪಾಲಿಶ್ ಹಾಕ್ತಾ ಇರಲಿಲ್ಲಕ್ಕ. ಬೆವರಿಗೆ ಅರಗು ಅಂಟುತ್ತೆ, ಕೈ ಓಡಲ್ಲ. ಕಡ್ಲೆಕಾಯಿ ಎಣ್ಣೆ ಒಂದು ತೊಟ್ಟು ಸವರೋರು, ಅಷ್ಟೇ.” ಹಿಂದೆ ಹೆಬ್ಬೆರಳಿನಲ್ಲಿ ತಡಕಿದ. “ಇಲ್ಲೊಂದು ಹಳ್ಳ ಇತ್ತಲ್ಲ. ಕತ್ತಲಲ್ಲೂ ಕೈ ತಾನಾಗೇ ಅಲ್ಲಿಗೆ ಹೋಗ್ತಿತ್ತು ಅನ್ನೋರು. ನನಗೂ ಒಂದೆರಡು ಸಲ ಹಿಡಿಯೋಕೆ ಕೊಟ್ಟಿದ್ರು.”

ಮಂಚ, ಬೀರು, ಬಾಗಿಲು ಉಜ್ಜಿದ ಕೈಗೆ ಇದು ತಿಳಿದಿರಲಿಲ್ಲ. ಮಂಚದ ಮೇಲೆ ಯಾರೂ ಕೈ ಓಡಿಸುವುದಿಲ್ಲ. ಚಿಕ್ಕಲಕ್ಷ್ಮಮ್ಮ ಹುಡುಗನ ಹೆಗಲಿಂದ ಪಟ್ಟಿ ಬಿಡಿಸಿದರು. ಗಿಟಾರನ್ನು ಮಡಿಲಿಗೆ ಎಳೆದುಕೊಂಡು, ಬಟ್ಟೆಗೆ ಸ್ಪಿರಿಟ್ಟು ಸುರಿದು, ಕತ್ತನ್ನು ಒರೆಸತೊಡಗಿದರು. ಸ್ಪಿರಿಟ್ಟಿಗೆ ಅರಗು ಕರಗಿ ಬಂತು. ಮರ ಬರಿದಾಯಿತು. ಹಳ್ಳ ಬರಲಿಲ್ಲ.

“ಸಾಕು ಬಿಡಿ ಅಕ್ಕ,” ಎಂದ ಹುಡುಗ. ಮೊದಲು ಒಪ್ಪಿದ್ದಷ್ಟೇ ದುಡ್ಡು ಕೊಟ್ಟ, ಗಿಟಾರನ್ನು ಮಗುವಿನಂತೆ ತಬ್ಬಿಕೊಂಡು ಹೋದ.

“ಪಾಲಿಶ್ ಹೋದ್ರೆ ಮತ್ತೆ ಹಾಕಬಹುದು,” ಎನ್ನುತ್ತಾರೆ ಚಿಕ್ಕಲಕ್ಷ್ಮಮ್ಮ. “ನಮ್ಮೋರು ಏಳು ವರ್ಷ ಹಿಡಿದು ಮಾಡಿದ್ನ ನಾನು ಒಂದು ಬೆಳಿಗ್ಗೇಲಿ ಉಜ್ಜಿಬಿಟ್ಟೆ. ಕೈ ಅಷ್ಟು ಚುರುಕು ನಂದು.” ಲಿಂಗಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಹೇಳುವ ಧೈರ್ಯವಿಲ್ಲ.

ಬಿಸಿಲು ಜಗಲಿಗೆ ಬಂದಿದೆ. ಮೇಲೆ ಹೊಸ ತಗಡು ಕಾದು ಟಕಟಕ ಎನ್ನುತ್ತಿದೆ. ಈ ಸಲ ಮಳೆಗಾಲದಲ್ಲಿ ಕೆಲಸ ಪೂರ್ತಿ ನಿಲ್ಲಲಿಲ್ಲವಂತೆ. ಅಷ್ಟರಲ್ಲಿ ಬಸವೇಶ್ವರನಗರದಿಂದ ಕೈಗಾಡಿಯೊಂದು ಬಂದು ನಿಲ್ಲುತ್ತದೆ. ಅದರಲ್ಲಿ ಹಳೆಯ ಆರಾಮ ಕುರ್ಚಿ, ಜೊತೆಗೆ ಅದರ ಒಡೆಯರಾದ ಶಿವಬಸಪ್ಪ ಎಂಬ ಹಿರಿಯರು. ಕುರ್ಚಿಯ ಬಲಗೈ ಸವೆದು ಬೆಳ್ಳಗಾಗಿದೆ. ಚಿಕ್ಕಲಕ್ಷ್ಮಮ್ಮ ಅಲ್ಲಿ ಅಂಗೈ ಇಡುತ್ತಾರೆ.

“ಇದ್ರಲ್ಲಿ ಯಾರು ಕೂರ್ತಿದ್ರು ಸ್ವಾಮಿ?”

“ನಮ್ಮ ತಂದೆಯವರು. ಯಾಕಮ್ಮಾ?”

“ಈ ಕೈ ಊರಿದ ಜಾಗ ಬಿಡ್ಲಾ, ತೆಗೀಲಾ?”

ಶಿವಬಸಪ್ಪನವರಿಗೆ ಪ್ರಶ್ನೆ ವಿಚಿತ್ರವೆನಿಸುತ್ತದೆ. “ತೆಗೀರಮ್ಮ, ಹೊಸದರ ಹಾಗೆ ಕಾಣ್ಬೇಕು,” ಎಂದು ಹೇಳಿ ಹೊರಡುತ್ತಾರೆ.

ಗಾಡಿ ತಿರುವು ದಾಟುವವರೆಗೆ ಚಿಕ್ಕಲಕ್ಷ್ಮಮ್ಮ ಆ ಸವೆದ ಜಾಗವನ್ನು ಅಂಗೈಯಲ್ಲಿ ಸವರುತ್ತಿರುತ್ತಾರೆ. ಆಮೇಲೆ ಉಪ್ಪುಕಾಗದ ಮಡಿಸಿಕೊಳ್ಳುತ್ತಾರೆ.

“ಎಲ್ರೂ ತೆಗೀರಿ ಅಂತಾನೇ ಅಂತಾರೆ. ತೆಗೀತೀನಿ, ಕಸುಬು ಅದೇ. ಆದ್ರೆ ಈಗೀಗ ಕೇಳದೆ ಮಾತ್ರ ತೆಗೆಯೋದಿಲ್ಲ.”