ಶಹಾಬಾದ ಕಲ್ಲಿಗೆ ನಾನು ಹಾಕಿದ ಆ್ಯಸಿಡ್

ಪುಣೆಯ ಶಿವಾಜಿನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಎರಡು ಪ್ರನಾಳಗಳಲ್ಲಿ ಒಂದೊಂದು ಚೂರು ಸುಣ್ಣದಕಲ್ಲು ಹಾಕಿ ತೋರಿಸುತ್ತೇನೆ. ಒಂದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಅಷ್ಟೇ ಸಾರತೆಯ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. ಪ್ರಬಲ ಆಮ್ಲ ಬುಸ್ಸೆಂದು ನೊರೆ ಉಕ್ಕಿಸುತ್ತದೆ. ದುರ್ಬಲ ಆಮ್ಲದಲ್ಲಿ ಗುಳ್ಳೆಗಳು ಸೋಮಾರಿಗಳ ಹಾಗೆ ಒಂದೊಂದೇ ಏಳುತ್ತವೆ. ದುರ್ಬಲವೆಂದರೂ ಅದು ಕಲ್ಲನ್ನು ಬಿಡುವುದಿಲ್ಲ, ನಿಧಾನ ಅಷ್ಟೆ. ಇಷ್ಟೆಲ್ಲ ಗೊತ್ತಿದ್ದವಳು ಮಾಡಿದ ಘನಕಾರ್ಯ ಕೇಳಿ.

ನಮ್ಮಪ್ಪ ಕಲಬುರಗಿ ಕಡೆಯಿಂದ ಪುಣೆಗೆ ಬಂದ ಫರ್ಸಿ ಮೇಸ್ತ್ರಿ, ನೆಲಕ್ಕೆ ಕಲ್ಲು ಹಾಸುವವ. ಮೊಣಕಾಲು ಸೋತು ಕೆಲಸ ಬಿಟ್ಟಿದ್ದ. ಆದರೂ ಪುಣೆಯದೇ ಧನಕವಡಿಯಲ್ಲಿ ನಾನು ಮನೆ ಕಟ್ಟಿಸಿದಾಗ ಹಟ ಹಿಡಿದು ನಡುಮನೆಗೆ ತಾನೇ ಶಹಾಬಾದ ಕಲ್ಲು ಹಾಸಿದ. ತನ್ನ ಕೊನೆಯ ಕೆಲಸ ನೋಡಲೆಂದು ಹಳೆಯ ಜೊತೆಗಾರರನ್ನೆಲ್ಲ ಗೃಹಪ್ರವೇಶಕ್ಕೆ ಕರೆದಿದ್ದ.

ಹಿಂದಿನ ದಿನ ಬಾಗಿಲ ಬಳಿ ಸಿಮೆಂಟು ಮೆತ್ತಿಕೊಂಡಿದ್ದು ಕಂಡಿತು. ಹೊಸ ಟೈಲ್ಸನ್ನು ಆ್ಯಸಿಡ್ ಹಾಕಿ ತೊಳೆಯುವುದನ್ನು ನೋಡಿದ್ದೆ. ಬಾಥ್‌ರೂಮು ತೊಳೆಯುವ ಆ್ಯಸಿಡ್ ಬಾಟಲಿ, ಅದೂ ಹೈಡ್ರೋಕ್ಲೋರಿಕ್ಕೇ, ತಂದು ಸುರಿದೇಬಿಟ್ಟೆ. ಬುಸ್! ಶಹಾಬಾದ ಎಂದರೂ ಸುಣ್ಣದಕಲ್ಲೇ ಎಂದು ಆಗ ಹೊಳೆಯಿತು, ನನ್ನ ತಲೆಗಿಷ್ಟು ಬೆಂಕಿ ಹಾಕ! ಬಕೆಟ್ಟುಗಟ್ಟಲೆ ನೀರು ಹೊಯ್ದರೂ ತಾಟಿನಗಲ ಬಿಳಿ ಕಲೆ ಉಳಿಯಿತು.

ಅಪ್ಪ ಬಂದು ಕಲೆಯ ಮೇಲೆ ಬೆರಳಾಡಿಸಿದ. "ಲಿಂಬಿಹಣ್ಣಿನ ರಸಾ ಬಿದ್ರೂ ಲಗೂನ ಒರಸಬೇಕಂತ ಹೇಳಿದ್ನಲ್ಲ ಯವ್ವಾ," ಎಂದನಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಜೊತೆಗಾರರ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು. "ಇದೇನ್ರಿ ಮೇಸ್ತ್ರಿ, ಶಹಾಬಾದಿಗೆ ಆ್ಯಸಿಡ್ ಯಾರ್ ಹಾಕ್ಯಾರ್ರಿ?" ಎಂದು ಒಬ್ಬರು ಕೇಳಿದರು. ನನ್ನ ಕಾಲೇಜಿನವರೂ ಅಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ನಾನೇ ಹಾಕೀನಿ. ವಯಸ್ಸಾತು, ಮರವು ಭಾಳ ಆಗ್ಯದ," ಎಂದ. ಜೊತೆಗಾರರೆಲ್ಲ ನಕ್ಕರು.

ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಜಗಳಕ್ಕೆ ನಿಂತೆ. "ಸುಮ್ನಿರವ್ವಾ. ನನ್ನ ಕೆಲಸ ಮುಗದದ, ನನಗ ನಕ್ಕರ ಏನಾತು? ನಾಳಿ ಕಾಲೇಜಿನ್ಯಾಗ ಪಾಠ ಹೇಳಾಕಿ ನೀನು, ನಿನಗ ನಗಬಾರದು," ಎಂದು ಪಿಸುಗುಟ್ಟಿದ.

ಸುಮ್ಮನಿರಲು ನನಗೆಲ್ಲಿ ಬರುತ್ತದೆ! ಕಣ್ಣೊರೆಸಿಕೊಂಡು ಹೊರಬಂದು, ಕನ್ನಡದಲ್ಲೊಮ್ಮೆ, ಕಾಲೇಜಿನವರಿಗಾಗಿ ಮರಾಠಿಯಲ್ಲೊಮ್ಮೆ, ಗಟ್ಟಿಯಾಗಿ ಹೇಳಿದೆ: "ಅಪ್ಪ ಸುಳ್ಳ ಹೇಳ್ತಾನ್ರಿ. ಆ್ಯಸಿಡ್ ಹಾಕಿದಾಕಿ ನಾನು. ನಮ್ಮಪ್ಪನ ಕೈಯಾಗ ಇವತ್ತಿನ ತನಕ ಒಂದ ಕಲ್ಲೂ ಕೆಟ್ಟಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಪ್ಪ ತಲೆಯ ಟೋಪಿ ತೆಗೆದು ಅದರಿಂದ ಮುಖ ಮುಚ್ಚಿಕೊಂಡ.