ಎದುರು ಸೀಟಿನ ಮರ್ಯಾದೆ

ಅಪ್ಪನ ಜೀಪಿನ ಸ್ಟೇರಿಂಗ್ ಎಡಗಡೆ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳಲ್ಲಿ ಒಂದು, ಮೂರು ನಾಲ್ಕು ಕೈ ದಾಟಿ, ಪುತ್ತೂರಿಗೆ ಬಂತು. ಅಲ್ಲಿಂದ ನಮ್ಮ ಅಂಗಳಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ರಸ್ತೆಯಲ್ಲಿ ಗಾಡಿಗಳು ಎಡಬದಿಯಲ್ಲಿ ಹೋಗಬೇಕು. ಹಾಗಾಗಿ ಅಪ್ಪ ಚರಂಡಿಯ ಕಡೆ ಕೂತು ಓಡಿಸುತ್ತಿದ್ದರು. ಅವರ ಪಕ್ಕದಲ್ಲಿ ಕೂತವರು ರಸ್ತೆಯ ನಡುವಿಗೆ, ಎದುರಿನಿಂದ ಬರುವ ಬಸ್ಸು ಲಾರಿಗಳ ಕಡೆಗೆ ಇರುತ್ತಿದ್ದರು. ಆ ಕಡೆ ಬಾಗಿಲಿರಲಿಲ್ಲ. ಬಾಗಿಲಿನ ಜಾಗಕ್ಕೆ ಅಡ್ಡ ಸಿಕ್ಕಿಸುವ ಒಂದು ದಪ್ಪ ಬಟ್ಟೆಯ ಪಟ್ಟಿ ಇತ್ತು. ಅದು ಸಿಪಾಯಿಗಳಿಗೆ, ನಮಗೆ ಯಾಕೆ ಎಂದು ಅಪ್ಪ ಅದನ್ನು ಬಿಚ್ಚಿ ಕರು ಕಟ್ಟಲು ಕೊಟ್ಟಿದ್ದರು.

ಜೀಪಿನಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಹೊಸದಾಗಿ ಯೋಚಿಸಲಿಲ್ಲ. ಎತ್ತಿನ ಗಾಡಿಯ ಕ್ರಮವೇ ಜೀಪಿಗೂ ಬಂತು. ಗಾಡಿಯಲ್ಲಿ ಎದುರು ಕೂರುವುದು ಮರ್ಯಾದೆ. ಧೂಳು ಕಡಿಮೆ, ಗಾಳಿ ಸಿಗುತ್ತದೆ, ದಾರಿಯಲ್ಲಿ ಸಿಕ್ಕವರು ಮೊದಲು ನಿಮ್ಮ ಮುಖ ನೋಡುತ್ತಾರೆ. ಹಿಂದೆ ಕೂರುವುದು ಉಳಿದವರು, ಮೂಟೆಗಳ ಜೊತೆ. ಗಾಡಿಯಿಂದ ಬಿದ್ದ ಮಗು ಚಡ್ಡಿ ಕೊಡವಿಕೊಂಡು ಓಡಿ ಬಂದು ಮತ್ತೆ ಹತ್ತುತ್ತದೆ. ನಾನೇ ಎರಡು ಸಲ ಹಾಗೆ ಬಿದ್ದು ಹತ್ತಿದವಳು. ಜೀಪಿನಿಂದ ಬಿದ್ದರೆ ಏನಾಗುತ್ತದೆ ಎಂದು ನಾವು ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ.

ಆ ವರ್ಷ ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಭೌತಶಾಸ್ತ್ರ ನನ್ನ ವಿಷಯ. ಓಡುತ್ತಿರುವ ಗಾಡಿ ಒಮ್ಮೆಲೇ ಎಡಕ್ಕೆ ತಿರುಗಿದರೆ ಒಳಗಿರುವ ದೇಹ ಯಾವ ಕಡೆಗೆ ಹೋಗುತ್ತದೆ ಎನ್ನುವುದನ್ನು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದು ಪಾಸಾದವಳು. ಇದನ್ನು ಹೇಳಲೇಬೇಕು. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಸುಳ್ಯದಲ್ಲಿ ಸಂಬಂಧಿಕರ ಮದುವೆ ಇತ್ತು. ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಗಂಡು ಮಗು ಹೆತ್ತು ಒಂದು ತಿಂಗಳಾಗಿ ನಮ್ಮ ಮನೆಯಲ್ಲೇ ಇದ್ದರು. ಅವರ ಆರೈಕೆಗೆಂದು ಅಮ್ಮನೂ ಉಳಿದರು. ಹೊರಟದ್ದು ಅಪ್ಪ, ನಾನು, ಆರು ಮಕ್ಕಳು. ನನ್ನ ಒಡಹುಟ್ಟಿದವರು ಮೂವರು: ಹದಿಮೂರರ ತಮ್ಮ, ಹತ್ತರ ತಂಗಿ, ಏಳರ ಸಣ್ಣ ತಮ್ಮ. ಅತ್ತೆಯ ದೊಡ್ಡ ಮಕ್ಕಳು ಮೂವರು: ಒಂಬತ್ತರ ಹುಡುಗ, ಐದರ ಹುಡುಗಿ, ಎರಡೂವರೆಯ ಗಂಡು ಮಗು.

ನಮ್ಮಲ್ಲಿ ಮನೆತನ ಮುಂದುವರಿಯುವುದು ಹೆಣ್ಣಿನ ಕಡೆಯಿಂದ. ನಾವು ಅಪ್ಪನ ಮಕ್ಕಳಾದರೂ ಅಮ್ಮನ ಕುಟುಂಬಕ್ಕೆ ಸೇರಿದವರು. ಅಪ್ಪನ ಕುಟುಂಬದವರು ಎಂದರೆ ಅವರ ತಂಗಿಯ ಮಕ್ಕಳು. ಅದರಲ್ಲೂ ಆ ಐದರ ಹುಡುಗಿ ಒಬ್ಬಳೇ ಹೆಣ್ಣು. ಆಸ್ತಿ ಹಂಚುವ ಕಾನೂನು ಬದಲಾಗಿದೆ ಎಂದು ಪೇಪರಿನಲ್ಲಿ ಬಂದಿತ್ತು. ಅಪ್ಪನ ಮನಸ್ಸಿನಲ್ಲಿ ಬದಲಾಗಿರಲಿಲ್ಲ. ಮನೆಯ ಹೆಸರು ಅವಳಿಂದ ಉಳಿಯಬೇಕು. ಹಾಗಾಗಿ ಅವಳಿಗೆ ಎದುರು ಸೀಟು.

ನಾನು ಒಂದು ಸಲ ಹೇಳಿದೆ.

"ಅಪ್ಪ, ಅವಳು ಹಿಂದೆ ನನ್ನ ಹತ್ತಿರ ಕೂತ್ಕೊಳ್ಳಲಿ. ಅಲ್ಲಿ ಹಿಡಿಲಿಕ್ಕೆ ಎಂತ ಉಂಟು?"

"ಎಂತ ಹೇಳುದು ನೀನು? ಈ ಮನೆಯ ಹೆಣ್ಣು ಮದುವೆಗೆ ಹೋಗುದು ಮೂಟೆ ಒಟ್ಟಿಗಾ? ಅಲ್ಲಿ ಇಳಿಯುವಾಗ ಜನ ನೋಡ್ತಾರೆ. ನಾನು ಪಕ್ಕದಲ್ಲೇ ಇಲ್ವಾ?"

"ಅಕ್ಕ ಕಾಲೇಜಿಗೆ ಹೋಗಿ ಹೆದರುಪುಕ್ಕಲಿ ಆಗಿ ಬಂದಿದ್ದಾಳೆ," ಎಂದ ದೊಡ್ಡ ತಮ್ಮ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಣಂತಿ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಮಗಳ ಜಾಗದ ಬಗ್ಗೆ ನಾನು ಮತ್ತೆ ಮಾತಾಡಿದರೆ ಹೊಟ್ಟೆಕಿಚ್ಚು ಎಂದುಕೊಂಡಾರು ಅನಿಸಿತು. ಮೂಟೆಗಳನ್ನು ಹತ್ತಿಸಲು ಹೋದೆ.

ಇನ್ನೊಂದು ಕ್ರಮವಿತ್ತು. ಮದುವೆಮನೆಗೆ ಕೊಂಡೊಯ್ಯುವ ಹೂವು ವೀಳ್ಯದ ಹರಿವಾಣವನ್ನು ಮನೆಯ ಹೆಣ್ಣುಮಗಳೇ ಹಿಡಿಯಬೇಕು, ದಾರಿಯಲ್ಲಿ ನೆಲಕ್ಕೆ ಇಡಬಾರದು. ಸೀಟಿನ ಅಡಿಯಲ್ಲಿ ಕಾಲು ತಾಗುವಲ್ಲಿ ಇಡುವುದಂತೂ ಆಗದು. ಆ ಹಿತ್ತಾಳೆಯ ಹರಿವಾಣವನ್ನು ಅವಳ ತೊಡೆಯ ಮೇಲೆ ಇಟ್ಟವಳು ನಾನು. ಮಲ್ಲಿಗೆ ಹಾರಿಹೋಗದ ಹಾಗೆ ಮೇಲೊಂದು ಬಾಳೆಲೆ ಮುಚ್ಚಿದೆ. ಅವಳ ಎರಡೂ ಕೈಗಳನ್ನು ತೆಗೆದು ಅಂಚಿನ ಮೇಲೆ ಇಟ್ಟೆ.

"ಎರಡು ಕೈಯಲ್ಲಿ ಹಿಡಿ. ಎಂತ ಆದ್ರೂ ಬಿಡ್ಬಾರ್ದು, ಆಯ್ತಾ?"

"ಆಯ್ತು ಅತ್ತಿಗೆ," ಎಂದಳು. ನಮ್ಮ ಸಂಬಂಧದ ಲೆಕ್ಕದಲ್ಲಿ ನಾನು ಅವಳಿಗೆ ಅತ್ತಿಗೆ.

ಈ ನಾಲ್ಕು ಮಾತುಗಳನ್ನು ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೆಂದು ಹೇಳಲಾರೆ. ಅವಳಿಗೆ ಹಿಡಿದುಕೊಳ್ಳಲು ಏನೂ ಇಲ್ಲ ಎಂದು ಅಪ್ಪನಿಗೆ ಹೇಳಿದವಳೂ ನಾನೇ. ಹಿಡಿದುಕೊಳ್ಳಬಹುದಾಗಿದ್ದ ಎರಡು ಕೈಗಳನ್ನು ಕಟ್ಟಿಹಾಕಿದವಳೂ ನಾನೇ.

ಹಿಂದೆ ಎರಡು ಉದ್ದದ ಬೆಂಚುಗಳಿದ್ದವು. ನಾನು ಬಲಗಡೆಯ ಬೆಂಚಿನ ಎದುರು ತುದಿಯಲ್ಲಿ, ಅವಳ ಸೀಟಿನ ಹಿಂದೆಯೇ, ಸಣ್ಣ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ನನ್ನ ಪಕ್ಕ ತಂಗಿ. ಎಡಗಡೆ ಏಳರವನು, ಒಂಬತ್ತರವನು. ದೊಡ್ಡ ತಮ್ಮ ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತ. ಅದು ಅವನು ತಾನೇ ಆರಿಸಿಕೊಂಡ ಜಾಗ.

ಜಾಲ್ಸೂರು ದಾಟುವವರೆಗೆ ಏನೂ ಆಗಲಿಲ್ಲ. ಕಾಸರಗೋಡಿನ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದವರು ಅವಳ ರೇಷ್ಮೆ ಲಂಗ, ಮಡಿಲ ಹರಿವಾಣ ನೋಡಿ, "ಮದುಮಗಳು ಇವಳೇಯಾ?" ಎಂದು ತಮಾಷೆ ಮಾಡಿದರು. ಅಪ್ಪನಿಗೆ ಖುಷಿಯಾಯಿತು. ಅವಳು ನೆಟ್ಟಗೆ ಕೂತಳು. ಅವಳ ಕಾಲು ಕೆಳಗೆ ತಾಗುತ್ತಿರಲಿಲ್ಲ. ಹೊಸ ರೇಷ್ಮೆ ಆ ಸೀಟಿನ ಮೇಲೆ ಜಾರುತ್ತಿದ್ದುದನ್ನು, ಪ್ರತಿ ಗುಂಡಿಗೂ ಅವಳು ಒಂದಿಷ್ಟು ಹೊರಗೆ ಸರಿಯುತ್ತಿದ್ದುದನ್ನು ನಾನು ಹಿಂದಿನಿಂದ ನೋಡಿದೆ. ಅವಳ ಹೆಗಲ ಮೇಲೆ ಕೈ ಇಡಬೇಕು ಅಂದುಕೊಂಡೆ. ಅಷ್ಟರಲ್ಲಿ ಮಡಿಲ ಮಗು ವಾಂತಿ ಬರುವವನ ಹಾಗೆ ಮುಖ ಮಾಡಿತು. ನಾನು ಅದರ ಕಡೆಗೆ ಬಗ್ಗಿದೆ.

ತಿರುವಿನಲ್ಲಿ ಬಸ್ಸು ಬಂತು. ರಸ್ತೆಯ ನಡುವಿನಲ್ಲೇ ಬಂತು. ಹಾರ್ನು ಕೇಳಿ ನಾನು ತಲೆ ಎತ್ತುವಾಗ ಅಪ್ಪ ಸ್ಟೇರಿಂಗನ್ನು ಎಡಕ್ಕೆ ಎಳೆದಾಗಿತ್ತು. ನಾವೆಲ್ಲ ಬಲಕ್ಕೆ ವಾಲಿದೆವು. ತಂಗಿ ನನ್ನ ಮೈಮೇಲೆ ಬಿದ್ದಳು. ಎದುರು ಸೀಟಿನಲ್ಲಿದ್ದ ಜಡೆಯ ಕೆಂಪು ರಿಬ್ಬನ್ನು ಕಂಡಿತು, ಆಮೇಲೆ ಕಾಣಲಿಲ್ಲ. ಆ ಜಾಗದಲ್ಲಿ ಬಸ್ಸಿನ ಹಸಿರು ತಗಡು ಓಡುತ್ತಿತ್ತು. ಕೆಳಗಿನಿಂದ ಹಿತ್ತಾಳೆ ಮುರುಟಿದ ಸದ್ದು ಬಂತು. ಆ ಸದ್ದು ಯಾವುದರದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಜೀಪು ಚರಂಡಿಗೆ ಒರಗಿ ನಿಂತಿತು. ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತಿತು. ನಾನು ಮಗುವನ್ನು ತಂಗಿಯ ಕೈಗೆ ಕೊಟ್ಟದ್ದು, ಕೆಳಗೆ ಇಳಿದದ್ದು ನೆನಪಿಲ್ಲ. ಅವಳು ರಸ್ತೆಯಲ್ಲಿ ಕೂತಿದ್ದಳು. ಬಸ್ಸಿನ ಹಿಂದಿನ ಚಕ್ರ ಮಣ್ಣಿನಲ್ಲಿ ಎಳೆದ ಗೆರೆ ಅವಳಿಂದ ಒಂದು ಗೇಣು ದೂರದಲ್ಲಿ ಹಾದುಹೋಗಿತ್ತು. ಗೆರೆಯ ಆಚೆ ಹರಿವಾಣ ಎಲೆಯ ಹಾಗೆ ಮಡಚಿಕೊಂಡು ಬಿದ್ದಿತ್ತು. ಅವಳ ಎರಡೂ ಕೈ ಇನ್ನೂ ಮುಂದೆ ಚಾಚಿಯೇ ಇದ್ದವು.

ಅಪ್ಪ ಅವಳ ಎದುರು ಮೊಣಕಾಲೂರಿದರು. ಮೊದಲು ಮಾತಾಡಿದವಳು ಅವಳೇ.

"ಮಾವ, ನಾನು ಬಿಡ್ಲಿಲ್ಲ. ಅದೇ ಹೋದದ್ದು."

ಕಂಡಕ್ಟರ್ ಓಡಿ ಬಂದ. ಮಗು ಬದುಕಿದೆ ಎಂದು ಕಂಡ ಕೂಡಲೇ ಅವನಿಗೆ ಸಿಟ್ಟು ಬಂತು.

"ಎಂತ ಮಾರಾಯ್ರೆ, ಇಷ್ಟು ಸಣ್ಣ ಮಗುವನ್ನು ಬಸ್ಸಿನ ಬದಿಗೆ ಕೂರಿಸುದಾ? ನಮ್ಮ ಡ್ರೈವರ ಅಲ್ಲಿ ಸ್ಟೇರಿಂಗ್ ಬಿಟ್ಟು ಕೆಳಗೆ ಕೂತಿದ್ದಾನೆ, ಇನ್ನು ಸುಬ್ರಹ್ಮಣ್ಯದವರೆಗೆ ಬಸ್ಸು ಓಡಿಸುದು ಯಾರು?"

ಬಸ್ಸಿನಿಂದ ಇಳಿದವರಲ್ಲಿ ಒಬ್ಬರು ವಯಸ್ಸಾದ ಬ್ಯಾರಿ ವ್ಯಾಪಾರಿ. ಚಿಮಣಿ ದೀಪದ ಗಾಜುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಊರೂರು ಮಾರುವವರು. ಅವರು ಯಾರನ್ನೂ ಕೇಳದೆ ಹುಡುಗಿಯ ಕೈಕಾಲು ಮುಟ್ಟಿ ಮಡಚಿ ನೋಡಿದರು, ಕುತ್ತಿಗೆ ಆಚೀಚೆ ತಿರುಗಿಸಲು ಹೇಳಿದರು. ಮೊಣಕೈಯ ಚರ್ಮ ಸ್ವಲ್ಪ ಹೋಗಿದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಜೀಪಿನ ಸುತ್ತ ಒಂದು ಸಲ ನಡೆದು ಬಂದರು.

"ಧಣಿ, ಬೇಜಾರು ಮಾಡ್ಬೇಡಿ. ನಾನು ಗ್ಲಾಸು ಮಾರುವವ. ಗ್ಲಾಸನ್ನು ನಾನು ಬುಟ್ಟಿಯ ನಡುವಿನಲ್ಲಿ ಇಡುದು, ಸುತ್ತ ಬೈಹುಲ್ಲು. ನೀವು ಬೈಹುಲ್ಲನ್ನು ಒಳಗೆ ತುಂಬಿಸಿ ಗ್ಲಾಸನ್ನು ಹೊರಗೆ ನೇತು ಹಾಕಿದ್ದೀರಿ."

ಅಪ್ಪನಿಗೆ ಹಾಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪ ತಲೆ ಎತ್ತಲಿಲ್ಲ. "ಹೇಗೆ ಕೂರಿಸುದು, ನೀವೇ ಹೇಳಿ," ಎಂದರು.

ಆ ಮುದುಕರು ಕೂರಿಸಿದರು. ಬೆಂಚುಗಳ ನಡುವಿನ ನೆಲಕ್ಕೆ ಗೋಣಿ ಹಾಸಿ ಸಣ್ಣ ಮೂವರನ್ನು ಅಲ್ಲಿ, ಬೆನ್ನನ್ನು ಎದುರು ಸೀಟಿಗೆ ಒರಗಿಸಿ. ಹತ್ತರವಳು, ಒಂಬತ್ತರವನು ಆಚೀಚೆ ಬೆಂಚಿನಲ್ಲಿ, ಕಾಲನ್ನು ಅವರಿಗೆ ಬೇಲಿಯ ಹಾಗೆ ಇಟ್ಟು. ಹಿಂದಿನ ಹಲಗೆಯ ಬದಿಗೆ ನಾನು. ಹಲಗೆಯ ಮೇಲೆ ಯಾರೂ ಇಲ್ಲ. ಎದುರು ಸೀಟಿಗೆ ದೊಡ್ಡ ತಮ್ಮ. ಮುದುಕರು ತಮ್ಮದೇ ಬುಟ್ಟಿಗೆ ಕಟ್ಟಿದ್ದ ಹುರಿಹಗ್ಗ ಬಿಚ್ಚಿ ಆ ಬಾಗಿಲಿಲ್ಲದ ಜಾಗಕ್ಕೆ ಮೂರು ಸುತ್ತು ಅಡ್ಡ ಬಿಗಿದರು.

"ಹಾಗಾದ್ರೆ ನಾನು ಬೈಹುಲ್ಲಾ?" ಎಂದ ತಮ್ಮ.

"ಹೌದು ಮಗ, ನೀನು ಬೈಹುಲ್ಲು. ಗಟ್ಟಿ ಹಿಡ್ಕೊ."

ಐದರ ಹುಡುಗಿ ಮಾತ್ರ ಜೀಪು ಹತ್ತಲು ಒಪ್ಪಲಿಲ್ಲ. ಬಿದ್ದಾಗ ಅಳದವಳು ಈಗ ಅಳತೊಡಗಿದಳು. ಹರಿವಾಣ ಬೀಳಿಸಿದ್ದಕ್ಕೆ ತನ್ನನ್ನು ಹಿಂದೆ ಹಾಕಿದ್ದಾರೆ ಎಂದು ಅವಳು ತಿಳಿದಿದ್ದಳು. ಎದುರು ಕೂರುವುದು ಒಳ್ಳೆಯವರು ಎಂದು ಅವಳಿಗೆ ಕಲಿಸಿದವರು ನಾವೇ ತಾನೆ.

"ಇನ್ನು ಬೀಳಿಸುದಿಲ್ಲ ಮಾವ," ಎಂದು ಬಿಕ್ಕಿದಳು.

ಅಪ್ಪ ಅವಳನ್ನು ಎತ್ತಿಕೊಂಡರು. "ನೀನು ತಪ್ಪು ಮಾಡಿದ್ದಲ್ಲ ಮಗಳೆ. ತಪ್ಪು ಜಾಗದಲ್ಲಿ ಕೂರಿಸಿದ್ದು ನಾನು." ಮಕ್ಕಳ ಎದುರು ಅಪ್ಪ ತನ್ನ ತಪ್ಪು ಎಂದದ್ದು ಅದೊಂದೇ ಸಲ. ಅವಳು ನಂಬಿದಳೋ ಇಲ್ಲವೋ, ಅಳು ನಿಂತಿತು.

ನಾನೂ ಆಗ ಹೇಳಬಹುದಿತ್ತು. ಬಿಡಬೇಡ ಎಂದದ್ದು ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮದುವೆಮನೆಗೆ ಕೈ ಬೀಸಿಕೊಂಡು ಹೋದೆವು. ಜೀಪಿನ ಹಿಂಬದಿಯಿಂದ ಇಳಿದ ಹುಡುಗಿಯನ್ನು ಯಾರೂ ಗಮನಿಸಲಿಲ್ಲ. ಅವಳು ಬೇರೆ ಮಕ್ಕಳ ಜೊತೆ ಆಡಿದಳು, ಹೋಳಿಗೆ ಎರಡು ತಿಂದಳು. ನಾನು ಊಟಕ್ಕೆ ಕೂತಲ್ಲಿಂದಲೂ ಅವಳನ್ನೇ ನೋಡುತ್ತಿದ್ದೆ. ಅವಳು ಕಣ್ಣಿಗೆ ಕಾಣದಾಗಲೆಲ್ಲ ಎದ್ದು ಹುಡುಕಿದೆ.

ಸಂಜೆ ಬಿಸಿಲು ಇರುವಾಗಲೇ ಹೊರಟೆವು. ಅಪ್ಪ ಒಬ್ಬೊಬ್ಬರನ್ನೇ ಆ ಮುದುಕರು ತೋರಿಸಿಕೊಟ್ಟ ಹಾಗೆ ಕೂರಿಸಿದರು, ಹಗ್ಗವನ್ನು ಎಳೆದು ನೋಡಿದರು. ಅವಳು ಗೋಣಿಯ ಮೇಲಿಂದ ಎದ್ದು ಬಂದು ನನ್ನ ಮಡಿಲಲ್ಲಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ನಿದ್ದೆ ಬಂತು. ಆ ತಿರುವು ಬರುವಾಗ ನಾನು ಕಣ್ಣು ಮುಚ್ಚಿದೆ. ತಿರುವು ಕಳೆದ ಮೇಲೆ ಅವಳು ಎಚ್ಚರವಾಗಿ, "ಅತ್ತಿಗೆ, ನೋವಾಗ್ತದೆ," ಎಂದಳು. ನಾನು ಅವಳ ತೋಳು ಹಿಡಿದಿದ್ದೆ. ಬಿಡಬೇಕೆಂದುಕೊಂಡರೂ ಬೆರಳುಗಳು ಸಡಿಲವಾಗಲಿಲ್ಲ.

ಮನೆ ತಲುಪುವ ಮೊದಲು ಅಪ್ಪ, "ತಂಗಿಗೆ ನಾನೇ ಹೇಳ್ತೇನೆ, ನೀವು ಯಾರೂ ಬಾಯಿ ಬಿಡ್ಬೇಡಿ," ಎಂದರು. ಹರಿವಾಣ ಮದುವೆಮನೆಯಲ್ಲೇ ಉಳಿಯುವ ವಸ್ತು, ಆದ್ದರಿಂದ ಯಾರೂ ಕೇಳಲಿಲ್ಲ. ಅಪ್ಪ ಅಂದು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬೇಗನೆ ಎದ್ದು ಗದ್ದೆಗೆ ಹೋದರು.

ಅತ್ತೆ ಮಗಳ ಅಂಗಿ ಬದಲಿಸುವಾಗ ತೋಳು ಕಂಡಿತು. ನಾಲ್ಕು ಬೆರಳಿನ ನೀಲಿ ಗುರುತು ಒಂದು ಬದಿಗೆ, ಹೆಬ್ಬೆರಳಿನದ್ದು ಇನ್ನೊಂದು ಬದಿಗೆ.

"ಇದು ಎಂತದು? ಯಾರು ಹೀಗೆ ಹಿಡಿದದ್ದು?"

"ನಾನು," ಎಂದೆ.

ಆಮೇಲೆ ಎಲ್ಲ ಹೇಳಿದೆ. ಹರಿವಾಣವನ್ನು ಬಿಡಬೇಡ ಎಂದದ್ದನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ಮಗಳನ್ನು ಎಳೆದು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು.

"ಮತ್ತೊಮ್ಮೆ ಹೇಳು. ಮೊದಲಿನಿಂದ. ಯಾರು ಯಾರು ಎಲ್ಲೆಲ್ಲಿ ಕೂತದ್ದು?"

ಹೇಳಿದೆ. ಹಿಂದಿನ ಹಲಗೆಯಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಅವರವರ ಜಾಗದಲ್ಲಿ ಕೂರಿಸುತ್ತಾ ಬಂದೆ. ಎದುರು ಸೀಟಿನವರೆಗೆ ಬಂದಾಗ ಅವರು ಕೈ ಎತ್ತಿ ತಡೆದರು.

"ನೀನು ಎಲ್ಲಿದ್ದದ್ದು?"

"ಅವಳ ಹಿಂದೆಯೇ ಅತ್ತೆ," ಎಂದೆ. "ಕೈ ಚಾಚಿದ್ರೆ ಸಿಗುವಷ್ಟು ಹತ್ತಿರ."